ಜನ ವಲಸೆ ಹೋದ ಸಿನಗಾಗನ್ನು ವಸ್ತುಸಂಗ್ರಹಾಲಯವಾಗಿ ರೂಪಿಸುವುದು ಹೇಗೆ: ಕೇರಳದ ಅನುಭವದಿಂದ ಒಂದು ಸಮಗ್ರ ಮಾರ್ಗದರ್ಶಿ

ಕೇರಳದಲ್ಲಿ ಒಂದು ಕಾಲಕ್ಕೆ ಎಂಟು ಯಹೂದಿ ಸಭೆಗಳು, ಎಂದರೆ ಒಂದೊಂದು ಪ್ರಾರ್ಥನಾಮಂದಿರಕ್ಕೆ ಸೇರಿದ ಸಮುದಾಯಗಳು, ಇದ್ದವು. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಮೂರು, ಎರ್ನಾಕುಲಂನಲ್ಲಿ ಎರಡು, ಪರವೂರು, ಚೇಂದಮಂಗಲಂ ಮತ್ತು ಮಾಳದಲ್ಲಿ ಒಂದೊಂದು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಬಳಿಕ, ಹೆಚ್ಚಾಗಿ 1950ರ ದಶಕದಲ್ಲಿ, ಈ ಸಭೆಗಳಿಗೆ ಸೇರಿದ ಬಹುಪಾಲು ಕುಟುಂಬಗಳು ಅಲ್ಲಿಗೆ ವಲಸೆ ಹೋದವು. ಹಿಂದೆ ಉಳಿದದ್ದು ಸಿನಗಾಗ್ ಎಂದು ಕರೆಯುವ ಪ್ರಾರ್ಥನಾಮಂದಿರಗಳು ಮತ್ತು ಸ್ಮಶಾನಗಳು. ಮಟ್ಟಾಂಚೇರಿಯ ತೆಕ್ಕುಂಭಾಗಂ ಸಿನಗಾಗ್ ನೆಲಸಮವಾಯಿತು. ಅದೇ ಊರಿನ ಕಡವುಂಭಾಗಂ ಸಿನಗಾಗ್ 1544ರದ್ದು. ಅದು ಬಹುಕಾಲ ಗೋದಾಮಾಗಿದ್ದು, 2019ರ ಮಳೆಗೆ ಮುಂಭಾಗವೇ ಕುಸಿದುಬಿತ್ತು. ಪರವೂರು ಮತ್ತು ಚೇಂದಮಂಗಲಂಗಳ ಮಂದಿರಗಳು ದುರಸ್ತಿಯಾಗಿ, ಕೇರಳ ಸರ್ಕಾರದ ಮುಜಿರಿಸ್ ಪರಂಪರೆ ಯೋಜನೆಯ ಭಾಗವಾಗಿ, ಇಂದು ಕೇರಳದ ಯಹೂದಿಗಳ ಬದುಕು ಮತ್ತು ಇತಿಹಾಸವನ್ನು ಹೇಳುವ ವಸ್ತುಸಂಗ್ರಹಾಲಯಗಳಾಗಿವೆ.

ಇಂಥ ಕೆಲಸಕ್ಕೆ ಕೈಹಾಕುವ ಪಂಚಾಯತಿ, ಇಲಾಖೆ, ವಾಸ್ತುಶಿಲ್ಪಿ ಅಥವಾ ಸ್ಥಳೀಯ ಇತಿಹಾಸಾಸಕ್ತರು ಯಾವ ಕ್ರಮದಲ್ಲಿ ಮುಂದುವರಿಯಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ. ಒಂದು ನಿಲುವನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ವಸ್ತುಸಂಗ್ರಹಾಲಯವಾದ ಮೇಲೂ ಆ ಕಟ್ಟಡ ಸಿನಗಾಗೇ ಆಗಿರಬೇಕು. ಮುಂದಿನ ಪ್ರತಿಯೊಂದು ತೀರ್ಮಾನವೂ, ಗೋಡೆಗೆ ಬಳಿಯುವ ಸುಣ್ಣದಿಂದ ಹಿಡಿದು ವಾರದ ರಜಾದಿನದವರೆಗೆ, ಈ ನಿಲುವಿನಿಂದಲೇ ಹುಟ್ಟಬೇಕು.

ಮೊದಲ ಹಂತ: ಒಡೆತನ, ಕಾನೂನು ಮತ್ತು ಸಮುದಾಯದ ಒಪ್ಪಿಗೆ

ಸಭೆಯೊಂದು ಊರು ಬಿಟ್ಟಾಗ ಆಸ್ತಿಯ ದಾಖಲೆಗಳು ಹಲವು ಕೈಗಳಿಗೆ ಹಂಚಿಹೋಗಿರುತ್ತವೆ. ಮಾಳದ ಯಹೂದಿಗಳು 1955ರಲ್ಲಿ ಹೊರಡುವಾಗ ಸಿನಗಾಗನ್ನೂ ಸ್ಮಶಾನವನ್ನೂ ಅಲ್ಲಿನ ಪಂಚಾಯತಿಯ ವಶಕ್ಕೆ ಒಪ್ಪಿಸಿ ಹೋದರು. ಬೇರೆ ಕಡೆ ಮಾರಾಟವಾಗಿರಬಹುದು, ಗೇಣಿಗೆ ಕೊಟ್ಟಿರಬಹುದು, ಬರಿಯ ಬಾಯಿಮಾತಿನ ಒಪ್ಪಂದವೂ ಆಗಿರಬಹುದು. ಆದ್ದರಿಂದ ಹಳೆಯ ಕ್ರಯಪತ್ರ, ಹಸ್ತಾಂತರದ ಕರಾರು, ಕಂದಾಯ ದಾಖಲೆ ಮತ್ತು ಸರ್ವೆ ನಕ್ಷೆಗಳನ್ನು ಒಟ್ಟುಗೂಡಿಸಿ, ಕಟ್ಟಡದ ಜೊತೆಗೆ ಅಂಗಳ, ಪಡಸಾಲೆ, ಬಾವಿ ಹಾಗೂ ದಾರಿಯ ಹಕ್ಕು ಯಾರದೆಂದು ತೀರ್ಮಾನವಾಗುವವರೆಗೆ ಒಂದು ಹೆಂಚನ್ನೂ ಕದಲಿಸಬಾರದು. ಹಸ್ತಾಂತರದ ಕರಾರಿನಲ್ಲಿ ಕಟ್ಟಡವನ್ನು ಹೇಗೆ ಬಳಸಬೇಕು, ಯಾವುದಕ್ಕೆ ಬಳಸಬಾರದು ಎಂಬ ಷರತ್ತುಗಳಿದ್ದರೆ ಅವನ್ನು ಯೋಜನೆಯ ಮೊದಲ ಪುಟದಲ್ಲೇ ನಮೂದಿಸಬೇಕು.

ಕಟ್ಟಡ ಸಂರಕ್ಷಿತ ಸ್ಮಾರಕವೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಅದರ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಶೌಚಾಲಯ, ಟಿಕೆಟ್ ಕೋಣೆ, ವಾಹನ ನಿಲುಗಡೆ ಇವೆಲ್ಲಕ್ಕೂ ಈ ಮಿತಿ ಅನ್ವಯಿಸುತ್ತದೆ. ರಾಜ್ಯದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ ಆಯಾ ರಾಜ್ಯದ ಕಾಯ್ದೆಯೇ ಆಧಾರ. ಇನ್ನು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ 100 ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳೂ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವಿರುವ 75 ವರ್ಷದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳ ಸಾಲಿಗೆ ಸೇರುತ್ತವೆ. ಅವನ್ನು ಖಾಸಗಿಯಾಗಿ ದೇಶದಿಂದ ಹೊರಗೆ ಕಳುಹಿಸುವಂತಿಲ್ಲ.

ಕಾನೂನು ಕಡ್ಡಾಯ ಮಾಡದಿದ್ದರೂ ಬಿಡಬಾರದ ಕೆಲಸ ಇನ್ನೊಂದಿದೆ. ಊರು ಬಿಟ್ಟ ಕುಟುಂಬಗಳ ಹಿರಿಯರು ಮತ್ತು ಅವರ ಮಕ್ಕಳು ಇಸ್ರೇಲಿನಲ್ಲಿದ್ದಾರೆ. ಕೆಲವರು ಕೊಚ್ಚಿ, ಮುಂಬೈಗಳಲ್ಲಿಯೂ ಇದ್ದಾರೆ. ಯೋಜನೆಯ ಸಮಿತಿಯಲ್ಲಿ ಅವರ ಪ್ರತಿನಿಧಿಗಳಿರಬೇಕು, ಕರಡು ಅವರ ಕೈಗೆ ಮೊದಲು ಹೋಗಬೇಕು. ತಾವು ನಾಮಕರಣ, ಮದುವೆ ಕಂಡ ಮನೆಯ ಕುರಿತು ಅವರಿಗಿರುವ ಹಕ್ಕು ಯಾವ ಕ್ರಯಪತ್ರದಿಂದಲೂ ಮುಗಿಯುವುದಿಲ್ಲ.

ಎರಡನೆಯ ಹಂತ: ಪಾವಿತ್ರ್ಯದ ನಿಯಮಗಳನ್ನು ತಿಳಿದುಕೊಳ್ಳುವುದು

ಯಹೂದಿ ಧರ್ಮಶಾಸ್ತ್ರದ ತಳಹದಿಯಾದ ಮಿಶ್ನಾದಲ್ಲಿ, ಮೆಗಿಲ್ಲಾ ಎಂಬ ಭಾಗದ ಮೂರನೆಯ ಅಧ್ಯಾಯ ನೇರವಾಗಿ ಈ ವಿಷಯವನ್ನೇ ಚರ್ಚಿಸುತ್ತದೆ. ಸಿನಗಾಗನ್ನು ಮಾರುವಾಗಲೂ ಸ್ನಾನಗೃಹ, ಚರ್ಮ ಹದಮಾಡುವ ಸ್ಥಳ ಮುಂತಾದ ಬಳಕೆಗೆ ಕೊಡಬಾರದೆಂಬ ಅಭಿಪ್ರಾಯ ಅಲ್ಲಿದೆ. ಹಾಳುಬಿದ್ದ ಸಿನಗಾಗಿಗೂ ಪಾವಿತ್ರ್ಯ ಉಳಿದಿರುತ್ತದೆ. ಅದರೊಳಗೆ ಹಗ್ಗ ಹೊಸೆಯಬಾರದು, ಬಲೆ ಹರಡಬಾರದು, ಚಾವಣಿಯ ಮೇಲೆ ಹಣ್ಣುಹಂಪಲು ಒಣಹಾಕಬಾರದು, ಅಡ್ಡದಾರಿಯಾಗಿ ಹಾದುಹೋಗಬಾರದು ಎಂದು ಅದೇ ಅಧ್ಯಾಯ ವಿವರವಾಗಿ ಹೇಳುತ್ತದೆ. ಸುಮಾರು ಸಾವಿರದ ಎಂಟುನೂರು ವರ್ಷಗಳ ಹಿಂದೆಯೇ ಪಾಳುಬಿದ್ದ ಮಂದಿರದ ಮರ್ಯಾದೆಯನ್ನು ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರ ಆಸ್ತಿಯನ್ನು ನಾವು ಕೈಗೆತ್ತಿಕೊಳ್ಳುತ್ತಿದ್ದೇವೆ ಎಂಬ ಅರಿವು ಗುತ್ತಿಗೆದಾರನಿಂದ ಕೂಲಿಯಾಳಿನವರೆಗೆ ಎಲ್ಲರಿಗೂ ಇರಬೇಕು.

ಹಾಗಾಗಿ ಪ್ರಾರ್ಥನಾ ಮಂಟಪದೊಳಗೆ ಉಪಾಹಾರ ಮಂದಿರ, ಬಾಡಿಗೆಯ ಸಮಾರಂಭ, ಸ್ಮರಣಿಕೆಗಳ ಅಂಗಡಿ ಇವು ಯಾವುವೂ ಬೇಡ. ಅವುಗಳಿಗೆ ಬೀದಿಯ ಕಡೆಯ ಕಟ್ಟಡವನ್ನೋ ಹೊಸದಾಗಿ ಕಟ್ಟಿದ ಸಣ್ಣ ಕೋಣೆಯನ್ನೋ ಬಳಸಬಹುದು. ಯಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿಗಳನ್ನಿಡುವ ಪೆಟ್ಟಿಗೆಯಾದ ಹೆಖಾಲ್ ಇರುವ ಗೋಡೆ ಜೆರುಸಲೇಮಿನ ದಿಕ್ಕಿಗಿರುತ್ತದೆ, ಕೇರಳದಲ್ಲಿ ಅದು ಪಶ್ಚಿಮ. ಆ ಗೋಡೆಯ ಮೇಲೆ ಮಾಹಿತಿ ಫಲಕ, ಸ್ವಿಚ್ಚು, ಪರದೆ ಏನನ್ನೂ ಅಳವಡಿಸಬಾರದು.

ಮೂರನೆಯ ಹಂತ: ಒಂದು ಮಳೆಗಾಲ ಪೂರ್ತಿ ಕಟ್ಟಡವನ್ನು ಗಮನಿಸುವುದು

ಅನುದಾನದ ವರ್ಷ ಮುಗಿಯುವ ಅವಸರದಲ್ಲಿ ಹೆಚ್ಚಿನ ಯೋಜನೆಗಳು ಈ ಹಂತವನ್ನು ಮೊಟಕುಗೊಳಿಸುತ್ತವೆ, ಹಾನಿಯ ಬಹುಪಾಲು ಅಲ್ಲಿಂದಲೇ ಶುರುವಾಗುತ್ತದೆ. ಬೇಸಿಗೆಯಲ್ಲಿ ಗಟ್ಟಿಯಾಗಿ ಕಾಣುವ ಗೋಡೆ ಜುಲೈ ತಿಂಗಳಲ್ಲಿ ಬೇರೆಯೇ ಸ್ಥಿತಿಯಲ್ಲಿರುತ್ತದೆ. ಬಿರುಕುಗಳ ಎರಡೂ ಬದಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಗಳನ್ನು ಅಂಟಿಸಿ, ದಿನಾಂಕ ಬರೆದಿಡಬೇಕು. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ನೀರು ಎಲ್ಲಿ ಸೋರುತ್ತದೆ, ಸೂರಿನಿಂದ ಬಿದ್ದದ್ದು ಎಲ್ಲಿ ನಿಲ್ಲುತ್ತದೆ, ನೆಲದಿಂದ ತೇವ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದನ್ನು ನಕ್ಷೆಯ ಮೇಲೆ ಬಣ್ಣದಿಂದ ಗುರುತಿಸುತ್ತ ಹೋದರೆ, ಮಳೆಗಾಲ ಮುಗಿಯುವ ಹೊತ್ತಿಗೆ ದುರಸ್ತಿಯ ಪಟ್ಟಿ ತಾನಾಗಿಯೇ ಸಿದ್ಧವಾಗಿರುತ್ತದೆ.

ಇದರ ಜೊತೆಗೇ ಅಳತೆಯ ನಕ್ಷೆಗಳು ತಯಾರಾಗಬೇಕು. ಇಡೀ ಕಟ್ಟಡಕ್ಕೆ 1:50, ಮರದ ಕೆತ್ತನೆ ಮತ್ತು ಕಟಕಟೆಗಳಿಗೆ 1:10 ಪ್ರಮಾಣ ಸಾಕಾಗುತ್ತದೆ. ಪರವೂರಿನ ಸಿನಗಾಗಿನಲ್ಲಿ ಬೀದಿಯಂಚಿನ ಪ್ರವೇಶ ಕಟ್ಟಡ, ಕಂಬಗಳ ಮೊಗಸಾಲೆ, ಅಂಗಳ, ಮುಂಗೋಣೆ, ಪ್ರಾರ್ಥನಾ ಮಂಟಪ ಎಲ್ಲವೂ ಒಂದರ ಹಿಂದೆ ಒಂದರಂತೆ ಉದ್ದಕ್ಕೆ ಸಾಗುತ್ತವೆ; ಹೊರಗಿನ ಗದ್ದಲದಿಂದ ಹಂತಹಂತವಾಗಿ ಒಳಗಿನ ಮೌನಕ್ಕೆ ಕರೆದೊಯ್ಯುವ ಆ ಕ್ರಮವನ್ನು ಮಂಟಪವೊಂದನ್ನೇ ಅಳೆದವರು ಎಂದೂ ಗ್ರಹಿಸಲಾರರು. ಶಿಲಾಶಾಸನಗಳ ಅಕ್ಷರಗಳ ಮೇಲೆ ಸೀಮೆಸುಣ್ಣ ಉಜ್ಜಿ ಚಿತ್ರ ತೆಗೆಯುವ ಅಭ್ಯಾಸವನ್ನು ಬಿಡಬೇಕು. ದೀಪವನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಹೀಬ್ರೂ ಅಕ್ಷರಗಳೂ ನೆರಳಿನಲ್ಲಿ ಎದ್ದುಕಾಣುತ್ತವೆ. ಪರವೂರಿನ ಕಟ್ಟಡ 1616ರದ್ದೆಂಬ ಮಾಹಿತಿ ನಮಗೆ ಸಿಕ್ಕಿರುವುದು ಇಂಥ ಒಂದು ಕಲ್ಲಿನಿಂದಲೇ.

ನಾಲ್ಕನೆಯ ಹಂತ: ಕಸವೆಂದು ಕಂಡ ಕಾಗದವನ್ನು ಎತ್ತಿಡುವುದು

ಅಟ್ಟ, ಗೋಡೆಗೂಡು, ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆ ಇವುಗಳನ್ನು ಗುಡಿಸುವ ಮೊದಲು ಹಸ್ತಪ್ರತಿ ತಜ್ಞರೊಬ್ಬರು ಸ್ಥಳದಲ್ಲಿರಬೇಕು. ದೇವರ ಹೆಸರಿರುವ ಬರಹವನ್ನು ಯಹೂದಿಗಳು ಎಸೆಯುವುದಿಲ್ಲ, ಸುಡುವುದಿಲ್ಲ. ಸವೆದ ಪುಸ್ತಕ, ಹರಿದ ಹಾಳೆಗಳನ್ನು ಗೆನಿಜಾ ಎಂಬ ಜಾಗದಲ್ಲಿ ಕೂಡಿಟ್ಟು ಮುಂದೆ ಹೂಳುತ್ತಾರೆ.

ಈ ಪದ್ಧತಿಯ ಬೆಲೆ ಎಷ್ಟೆಂಬುದಕ್ಕೆ ನಮ್ಮ ಮಂಗಳೂರೇ ಸಾಕ್ಷಿ. 12ನೆಯ ಶತಮಾನದಲ್ಲಿ ಟುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಹಲವು ವರ್ಷ ಮಂಗಳೂರಿನಲ್ಲಿ ನೆಲೆಸಿ ಕಂಚಿನ ಸಾಮಾನು ತಯಾರಿಸುವ ಕಾರ್ಖಾನೆ ನಡೆಸಿದ. ಮಲಬಾರಿನ ಆಶು ಎಂಬ ಸ್ತ್ರೀಯನ್ನು 1132ರಲ್ಲಿ ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ, ಅವನ ಪರವಾಗಿ ಏಡನ್‌ಗೆ ಹೋಗಿಬಂದ ಬೊಮ್ಮನ ಲೆಕ್ಕದ ಉಲ್ಲೇಖ, ಸರಕಿನ ಪಟ್ಟಿಗಳು ಇವೆಲ್ಲ ನಮಗೆ ಸಿಕ್ಕಿರುವುದು ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗಿನ ಗೆನಿಜಾದಲ್ಲಿ. ಕರಾವಳಿ ಕರ್ನಾಟಕದ ಮಧ್ಯಯುಗದ ವ್ಯಾಪಾರದ ಬಗ್ಗೆ ಇಷ್ಟು ಆಪ್ತವಾದ ದಾಖಲೆ, ಈಜಿಪ್ಟಿನಲ್ಲಿ ಯಾರೋ ಹಳೆಯ ಕಾಗದವನ್ನು ಎಸೆಯಲಿಲ್ಲವೆಂಬ ಒಂದೇ ಕಾರಣಕ್ಕೆ ಉಳಿದಿದೆ.

ಕೇರಳದ ತೇವದಲ್ಲಿ ಕಾಗದ ಅಷ್ಟು ಕಾಲ ಬಾಳದಿದ್ದರೂ, ಮದುವೆಯ ಕರಾರು, ಲೆಕ್ಕದ ಪುಸ್ತಕ, ಹಾಡು ಬರೆದ ನೋಟ್‌ಪುಸ್ತಕ ಸಿಗಬಹುದು. ಸಿಕ್ಕ ಸ್ಥಳವನ್ನು ಬರೆದುಕೊಂಡು, ಬಿಸಿಲಿಗೆ ಒಡ್ಡದೆ ನೆರಳಿನಲ್ಲಿ ಒಣಗಿಸಿ, ಆಮ್ಲರಹಿತ ಕಾಗದದಲ್ಲಿ ಸುತ್ತಿಟ್ಟು, ಚಿತ್ರ ತೆಗೆದ ಮೇಲಷ್ಟೇ ಮುಂದಿನ ಮಾತು. ತೋರಾ ಸುರುಳಿಯ ತುಣುಕು ಸಿಕ್ಕರೆ ಅದನ್ನು ಪ್ರದರ್ಶಿಸಬೇಕೋ ವಿಧಿಪೂರ್ವಕ ಹೂಳಬೇಕೋ ಎಂಬ ನಿರ್ಧಾರವನ್ನು ಸಮುದಾಯದವರಿಗೇ ಬಿಡಬೇಕು.

ಐದನೆಯ ಹಂತ: ನೀರು, ಚಾವಣಿ, ಗೋಡೆ, ಮರ ಎಂಬ ಕ್ರಮದಲ್ಲಿ ದುರಸ್ತಿ

ದುರಸ್ತಿ ನೆಲದ ನೀರಿನಿಂದ ಆರಂಭವಾಗಲಿ. ಶತಮಾನಗಳಲ್ಲಿ ರಸ್ತೆ ಏರಿರುತ್ತದೆ, ಅಂಗಳ ತಗ್ಗಾಗಿರುತ್ತದೆ, ಚರಂಡಿ ಮುಚ್ಚಿಹೋಗಿರುತ್ತದೆ. ಅಂಗಳಕ್ಕೆ ಸಿಮೆಂಟ್ ಕಾಂಕ್ರೀಟ್ ಹಾಕಿದ್ದರೆ ಅದನ್ನು ತೆಗೆಯಬೇಕು, ಏಕೆಂದರೆ ಕಾಂಕ್ರೀಟಿನಡಿಯ ತೇವಕ್ಕೆ ಮೇಲೇಳುವ ದಾರಿ ಗೋಡೆಯೊಂದೇ. 2018ರ ಆಗಸ್ಟಿನಲ್ಲಿ ಪೆರಿಯಾರ್ ಉಕ್ಕಿ ಪರವೂರು, ಚೇಂದಮಂಗಲಂ ಪ್ರದೇಶ ಮುಳುಗಿತು. ಅಲ್ಲಿನ ನೇಕಾರರ ಮಗ್ಗಗಳು ನೀರುಪಾಲಾದವು. ಆ ಸೀಮೆಯಲ್ಲಿ ವಸ್ತುಸಂಗ್ರಹಾಲಯದ ಉಗ್ರಾಣವನ್ನು ಕೆಳಮಹಡಿಯಲ್ಲಿ ಇಡುವ ಮಾತೇ ಬರಬಾರದು. ವಿದ್ಯುತ್ ಫಲಕಗಳನ್ನೂ ಆ ಪ್ರವಾಹದ ಮಟ್ಟಕ್ಕಿಂತ ಮೇಲೆಯೇ ಅಳವಡಿಸಬೇಕು.

ಆಮೇಲೆ ಚಾವಣಿ. ಹೆಂಚುಗಳನ್ನು ಇಳಿಸುವಾಗ ಒಂದೊಂದನ್ನೂ ತಟ್ಟಿ ನೋಡಿ ಗಟ್ಟಿ ಇರುವುದನ್ನು ಬೇರೆ ಪೇರಿಸಿಡಬೇಕು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಪಶ್ಚಿಮ ಕರಾವಳಿಯ ಚಾವಣಿಗಳಿಗೆ ಮಂಗಳೂರು ಹೆಂಚು ಹರಡಿತು. ಹಳೆಯ ಹೆಂಚಿನ ಮೇಲೆ ಅಚ್ಚೊತ್ತಿದ ಕಾರ್ಖಾನೆಯ ಹೆಸರು ಕಂಡರೆ, ಆ ಚಾವಣಿ ಯಾವಾಗ ಬದಲಾಯಿತೆಂಬ ಸುಳಿವು ಸಿಗುತ್ತದೆ. ಅಂಥ ಮಾದರಿಗಳನ್ನು ಪ್ರದರ್ಶನಕ್ಕೆ ಎತ್ತಿಡುವುದು ಒಳಿತು. ರೀಪು, ಪಕ್ಕಾಸುಗಳಲ್ಲಿ ಹಾಳಾದದ್ದನ್ನಷ್ಟೇ ಬದಲಿಸಿ, ಹೊಸ ಮರದ ಕಾಣದ ಬದಿಗೆ ವರ್ಷವನ್ನು ಕೆತ್ತಿಸಿದರೆ ಮುಂದಿನ ತಲೆಮಾರಿನ ಸಂಶೋಧಕರು ಹೊಸದನ್ನು ಹಳೆಯದೆಂದು ಭ್ರಮಿಸುವುದು ತಪ್ಪುತ್ತದೆ.

ಗೋಡೆಯ ವಿಷಯದಲ್ಲಿ ಸ್ವಲ್ಪ ದೀರ್ಘವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಸಂರಕ್ಷಣೆಯ ಹೆಸರಿನಲ್ಲಿ ಅತಿ ಹೆಚ್ಚು ಅನಾಹುತ ನಡೆಯುವುದು ಇಲ್ಲಿಯೇ. ಕೇರಳದ ಸಿನಗಾಗುಗಳ ಗೋಡೆಗಳು ದಪ್ಪ ಮುರಕಲ್ಲಿನವು, ಮೇಲೆ ಸುಣ್ಣದ ಗಾರೆ. ಮುರಕಲ್ಲು ರಂಧ್ರಮಯ, ಮಳೆಗಾಲದಲ್ಲಿ ತೇವ ಹೀರಿ ಬೇಸಿಗೆಯಲ್ಲಿ ಬಿಡುತ್ತದೆ, ಸುಣ್ಣದ ಗಾರೆ ಅದಕ್ಕೆ ಅಡ್ಡಿಮಾಡುವುದಿಲ್ಲ. ಅದೇ ಗೋಡೆಗೆ ಸಿಮೆಂಟ್ ಬಳಿದರೆ, ಅಥವಾ ಪ್ಲಾಸ್ಟಿಕ್ ಅಂಶದ ಬಣ್ಣ ಹಚ್ಚಿದರೆ, ತೇವ ಒಳಗೇ ಸಿಕ್ಕಿಬೀಳುತ್ತದೆ. ಅದರಲ್ಲಿ ಕರಗಿದ ಲವಣ ಹರಳುಗಟ್ಟಿ ಕಲ್ಲಿನ ಮೈಯನ್ನೇ ಪುಡಿಮಾಡುತ್ತದೆ. ಕೆಲವು ವರ್ಷಗಳಲ್ಲಿ ಹೊರಗಿನ ಸಿಮೆಂಟ್ ಗಟ್ಟಿಯಾಗಿಯೇ ಉಳಿದು ಒಳಗಿನ ಕಲ್ಲು ಟೊಳ್ಳಾಗಿರುತ್ತದೆ. ಆದ್ದರಿಂದ ಹಿಂದಿನವರು ಹಚ್ಚಿದ ಸಿಮೆಂಟನ್ನು ಸಣ್ಣ ಉಳಿಯಿಂದ ನಿಧಾನವಾಗಿ ಬಿಡಿಸಿ, ಗೋಡೆಯನ್ನು ಒಂದು ಬೇಸಿಗೆಯಾದರೂ ಬರಿಮೈಯಲ್ಲಿ ಒಣಗಲು ಬಿಡಬೇಕು. ಲವಣ ಹೆಚ್ಚಿರುವಲ್ಲಿ ಒದ್ದೆ ಕಾಗದದ ತಿರುಳನ್ನು ಗೋಡೆಗೆ ಮೆತ್ತಿ, ಒಣಗಿದ ಮೇಲೆ ತೆಗೆದು, ಮತ್ತೆ ಮೆತ್ತುತ್ತ ಹೋದರೆ ಲವಣ ಹೊರಬರುತ್ತದೆ.

ಹೊಸ ಗಾರೆಗೆ ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಅರಳಿಸಿ ಇಟ್ಟಿರಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಎಂಬುದು ಆರಂಭದ ಲೆಕ್ಕ. ಮೂಲ ಗಾರೆಯ ಚೂರನ್ನು ಪರೀಕ್ಷೆಗೆ ಕಳಿಸಿ ಅದಕ್ಕೆ ಹೊಂದಿಸಿಕೊಳ್ಳಬೇಕು. ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುವ ಕ್ರಮ ದಕ್ಷಿಣದ ಗಾರೆ ಕೆಲಸದವರಿಗೆ ಗೊತ್ತಿದೆ. ಆದರೆ ಮೂಲದಲ್ಲಿ ಅವು ಇದ್ದವೇ ಎಂದು ತಿಳಿಯದೆ ಸೇರಿಸುವುದು ಬೇಡ. ತೆಳುವಾದ ಪದರಗಳಾಗಿ ಬಳಿದು, ಒಂದು ಪದರ ಬಿಗಿದ ಮೇಲೆ ಇನ್ನೊಂದು ಎಂಬಂತೆ ಮುಂದುವರಿದು, ಒದ್ದೆ ಗೋಣಿತಾಟು ಇಳಿಬಿಟ್ಟು ನಿಧಾನವಾಗಿ ಆರಿಸಬೇಕು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುವ ವಸ್ತು. ಅದಕ್ಕೆ ಕಾಲ ಬೇಕೆಂಬುದನ್ನು ಗುತ್ತಿಗೆಯ ಕರಾರಿನಲ್ಲಿಯೇ ಬರೆಯಬೇಕು.

ಮರದ ಕೆಲಸಕ್ಕೆ ಊರಿನ ಹಿರಿಯ ಬಡಗಿಗಳಿಗಿಂತ ಒಳ್ಳೆಯ ತಜ್ಞರು ಸಿಗಲಾರರು. ಗೆದ್ದಲು ತಿಂದ ತೊಲೆಯನ್ನು ಪೂರ್ತಿ ಬದಲಿಸುವ ಬದಲು, ಗೋಡೆಯೊಳಗೆ ಕೊಳೆತ ತುದಿಯನ್ನಷ್ಟೇ ಕತ್ತರಿಸಿ, ಅದೇ ಜಾತಿಯ ಹಳೆಯ ಮರದ ತುಂಡನ್ನು ಓರೆ ಜೋಡಣೆಯಿಂದ ಕೂಡಿಸಬಹುದು. ಕಮಲದ ಕೆತ್ತನೆಯ ಮುಚ್ಚಿಗೆಗಳಲ್ಲಿ, ಕಟಕಟೆಯ ತಿರುಗಣೆ ಕಂಬಗಳಲ್ಲಿ ಬಣ್ಣದ ಹಲವು ಪದರಗಳಿರುತ್ತವೆ. ನಾಣ್ಯದಗಲದ ಜಾಗದಲ್ಲಿ ಪದರಪದರವಾಗಿ ಕೆರೆದು ನೋಡಿ ಮೂಲ ಬಣ್ಣ ಯಾವುದೆಂದು ದಾಖಲಿಸಿದ ನಂತರವೇ ಹೊಸ ಬಣ್ಣದ ಯೋಚನೆ ಮಾಡಬೇಕು. ಮರದ ಮೇಲೆ ಹೊಳಪಿನ ವಾರ್ನಿಶ್ ಸುರಿದರೆ ಕಟ್ಟಡದ ವಯಸ್ಸೇ ಅಳಿಸಿಹೋಗುತ್ತದೆ.

ಆರನೆಯ ಹಂತ: ಇಲ್ಲದ್ದನ್ನು ಇಲ್ಲವೆಂದೇ ಹೇಳುವುದು

ಪರವೂರಿನ ಮೂಲ ಹೆಖಾಲ್ ಮತ್ತು ನಡುಮಂಟಪದ ತೇಬಾ, ಎಂದರೆ ನಿಂತು ತೋರಾ ಓದುವ ವೇದಿಕೆ, 1990ರ ದಶಕದಲ್ಲಿ ಇಸ್ರೇಲಿಗೆ ಹೋದವು. ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗಿನ ಒಳಾಂಗಣವನ್ನು ಇಂದು ನೋಡಬೇಕಾದರೆ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂಗೆ ಹೋಗಬೇಕು. ಪರವೂರಿನಲ್ಲಿ ಖಾಲಿಯಾದ ಜಾಗದಲ್ಲಿ ಪ್ರತಿಕೃತಿಗಳನ್ನು ಮಾಡಿ ನಿಲ್ಲಿಸಲಾಗಿದೆ.

ಪ್ರತಿಕೃತಿ ಬೇಕೇ ಎಂಬ ಬಗ್ಗೆ ಸಂರಕ್ಷಕರಲ್ಲಿ ಎರಡು ಅಭಿಪ್ರಾಯಗಳಿವೆ. ಹೆಖಾಲ್ ಮತ್ತು ತೇಬಾ ಇಲ್ಲದ ಮಂಟಪವನ್ನು ನೋಡುವ ಶಾಲಾ ಮಕ್ಕಳಿಗೆ ಅದೊಂದು ಖಾಲಿ ಸಭಾಂಗಣವಾಗಿಯೇ ಕಾಣುತ್ತದೆ. ಆದ್ದರಿಂದ ಅಳತೆ, ಛಾಯಾಚಿತ್ರಗಳ ಆಧಾರ ಸಾಕಷ್ಟಿರುವಲ್ಲಿ ಪ್ರತಿಕೃತಿ ಮಾಡುವುದೇ ಸರಿ ಎಂದು ನನ್ನ ಅಭಿಪ್ರಾಯ. ಆದರೆ ಅದರ ಪಕ್ಕದಲ್ಲಿಯೇ, ಕಣ್ಣಿನ ಮಟ್ಟದಲ್ಲಿ, ಇದು ಹೊಸದು, ಮೂಲವಸ್ತು ಇಂಥ ವರ್ಷದಲ್ಲಿ ಇಂಥಲ್ಲಿಗೆ ಹೋಯಿತು ಎಂಬ ಬರಹವಿರಬೇಕು. ಆಧಾರ ಸಾಲದಿದ್ದರೆ ಊಹೆಯಿಂದ ಕೆತ್ತಿಸುವುದು ಬೇಡ. ನೆಲದ ಮೇಲೆ ತೇಬಾದ ಪಾದದ ಗುರುತನ್ನು ರೇಖೆಯಲ್ಲಿ ತೋರಿಸಿದರೂ ಸಾಕು.

ಕೇರಳದ ಸಿನಗಾಗುಗಳಲ್ಲಿ ಬೇರೆಲ್ಲೂ ಸುಲಭವಾಗಿ ಕಾಣದ ಒಂದು ವಿಶೇಷವಿದೆ: ಮಹಡಿಯಲ್ಲಿ, ಸ್ತ್ರೀಯರು ಕುಳಿತುಕೊಳ್ಳುವ ಜಾಗದ ಮುಂದೆ, ಎರಡನೆಯ ತೇಬಾ. ಭದ್ರತೆಯ ನೆಪದಿಂದ ಮಹಡಿಗೆ ಬೀಗ ಹಾಕಿಬಿಟ್ಟರೆ ಈ ಕಟ್ಟಡಗಳ ಅತಿ ಅಪರೂಪದ ಅಂಶವೇ ಮರೆಯಾಗುತ್ತದೆ. ಮೆಟ್ಟಿಲನ್ನು ಬಲಪಡಿಸಿ, ಒಮ್ಮೆಗೆ ಹೋಗುವವರ ಸಂಖ್ಯೆಯನ್ನು ಮಿತಿಗೊಳಿಸಿ, ಅದನ್ನು ತೆರೆದಿಡಬೇಕು.

ಏಳನೆಯ ಹಂತ: ಪ್ರದರ್ಶನ

ಮಂಟಪವನ್ನು ಫಲಕಗಳಿಂದ ತುಂಬದೆ, ಮುಂಗೋಣೆ ಮತ್ತು ಸುತ್ತಲಿನ ಕೋಣೆಗಳಲ್ಲಿ ಕಥೆ ಹೇಳಬೇಕು. ಕ್ರಿ.ಶ. 1000ದ ಆಸುಪಾಸಿನಲ್ಲಿ ಚೇರ ದೊರೆ ಭಾಸ್ಕರ ರವಿವರ್ಮ ಯಹೂದಿ ಮುಖಂಡ ಜೋಸೆಫ್ ರಬ್ಬಾನನಿಗೆ 72 ಹಕ್ಕುಗಳನ್ನು ನೀಡಿದ ತಾಮ್ರಪಟ, ಚೇಂದಮಂಗಲಂ ಸಿನಗಾಗಿನ ಎದುರಿಗಿರುವ 1269ರ ಸಾರಾ ಎಂಬಾಕೆಯ ಸಮಾಧಿ ಕಲ್ಲು, ಹೊರದೇಶಗಳಿಂದ ಬಂದ ಯಹೂದಿಗಳು ಕಟ್ಟಿದ 1568ರ ಪರದೇಸಿ ಸಿನಗಾಗ್ ಇವು ಎಲ್ಲ ವಸ್ತುಸಂಗ್ರಹಾಲಯಗಳೂ ಹೇಳುವ ಸಂಗತಿಗಳು. ಆ ಸಮಾಧಿ ಕಲ್ಲು ಭಾರತದಲ್ಲಿ ದೊರೆತ ಅತಿ ಹಳೆಯ ಹೀಬ್ರೂ ಬರಹವೆಂದು ಪ್ರಸಿದ್ಧವಾಗಿದೆ. ಒಬ್ಬ ಸಾಮಾನ್ಯ ಸ್ತ್ರೀಯ ಹೆಸರು ಏಳೂವರೆ ಶತಮಾನ ಉಳಿದಿದೆ ಎಂಬುದನ್ನು ಫಲಕದಲ್ಲಿ ಮೊದಲ ಸಾಲಾಗಿಯೇ ಬರೆಯಬಹುದು.

ಹೇಳಲು ಹಿಂಜರಿಯುವ ಸಂಗತಿಗಳಿಗೂ ಅಲ್ಲಿ ಸ್ಥಾನವಿರಬೇಕು. ಪರದೇಸಿ ಸಭೆಯವರು, ಬಹುಹಿಂದಿನಿಂದ ಕೇರಳದಲ್ಲೇ ನೆಲೆಸಿದ್ದ ಮಲಬಾರಿ ಯಹೂದಿಗಳನ್ನೂ, ದಾಸ್ಯದಿಂದ ಬಿಡುಗಡೆಯಾದವರ ಸಂತತಿಯನ್ನೂ ಸಮಾನವಾಗಿ ಕಾಣಲಿಲ್ಲ. ಆ ಭೇದದ ವಿರುದ್ಧ ವಕೀಲ ಅಬ್ರಹಾಂ ಬಾರಕ್ ಸೇಲಂ ಸಿನಗಾಗಿನೊಳಗೇ ಸತ್ಯಾಗ್ರಹ ನಡೆಸಿದರು. ಸಹಬಾಳ್ವೆಯ ಸುಂದರ ಚಿತ್ರವೊಂದನ್ನೇ ತೋರಿಸಿ ಈ ಅಧ್ಯಾಯವನ್ನು ಬಿಟ್ಟುಬಿಡುವ ವಸ್ತುಸಂಗ್ರಹಾಲಯ ಅವರಿಗೆ ಅನ್ಯಾಯ ಮಾಡುತ್ತದೆ. ಹಾಗೆಯೇ ಸ್ತ್ರೀಯರು ಮದುವೆ, ಹಬ್ಬಗಳಲ್ಲಿ ಹಾಡುತ್ತಿದ್ದ, ಕೈಬರಹದ ನೋಟ್‌ಪುಸ್ತಕಗಳಲ್ಲಿ ಉಳಿಸಿಕೊಂಡು ಬಂದ ಮಲಯಾಳಂ ಹಾಡುಗಳನ್ನು, ಸಾಧ್ಯವಾದರೆ ಅವರ ಧ್ವನಿಯಲ್ಲಿಯೇ, ಮಹಡಿಯ ಸ್ತ್ರೀಯರ ಜಾಗದಲ್ಲಿ ಕೇಳಿಸಬಹುದು. ಫಲಕಗಳು ಮಲಯಾಳಂ, ಇಂಗ್ಲಿಷ್, ಹೀಬ್ರೂ ಮೂರರಲ್ಲೂ ಇರಲಿ, ಮಲಯಾಳಂ ಮೊದಲಿರಲಿ. ಕೇರಳದ ಯಹೂದಿಗಳು ಮನೆಯಲ್ಲಿ ಆಡಿದ್ದು ಆ ಭಾಷೆಯನ್ನೇ.

ಬಟ್ಟೆ ಮತ್ತು ಕಾಗದದ ಮೇಲೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರಬಾರದು. ಹಗಲು ಹವಾನಿಯಂತ್ರಣ ಹಾಕಿ ರಾತ್ರಿ ಆರಿಸುವುದು ವಸ್ತುಗಳಿಗೆ ತೀರ ಅಪಾಯಕಾರಿ, ಏಕೆಂದರೆ ತೇವಾಂಶ ದಿನಕ್ಕೆರಡು ಬಾರಿ ಏರಿಳಿಯುತ್ತದೆ. ಗಾಳಿಯಾಡುವ ಕಟ್ಟಡದೊಳಗೆ ಬಿಗಿಯಾದ ಗಾಜಿನ ಪೆಟ್ಟಿಗೆಗಳನ್ನಿಟ್ಟು, ತೇವ ಹೀರುವ ಸಿಲಿಕಾ ಹರಳುಗಳನ್ನು ನಿಯಮಿತವಾಗಿ ಬದಲಿಸುವುದೇ ಇದಕ್ಕಿಂತ ಸುಲಭ ಮತ್ತು ಸುರಕ್ಷಿತ.

ಎಂಟನೆಯ ಹಂತ: ಸ್ಮಶಾನವನ್ನು ಮರೆಯದಿರುವುದು

ಸ್ಮಶಾನ ಯೋಜನೆಯ ಗಡಿಯೊಳಗೆ ಇರಲೇಬೇಕು. ಬೇಲಿ, ದಾರಿ, ಕಳೆ ತೆಗೆಯುವಿಕೆ ಮತ್ತು ಶಾಸನಗಳ ದಾಖಲೆ ಇಷ್ಟೇ ಅಲ್ಲಿ ಮಾಡಬೇಕಾದ ಕೆಲಸ. ಸಮಾಧಿಗಳನ್ನು ತೆರೆಯುವುದಾಗಲಿ, ಸ್ಥಳಾಂತರಿಸುವುದಾಗಲಿ, ಕಲ್ಲುಗಳನ್ನು ಪ್ರದರ್ಶನಕ್ಕೆಂದು ಕಿತ್ತುತರುವುದಾಗಲಿ ಕೂಡದು.

ಒಂಬತ್ತನೆಯ ಹಂತ: ಬಾಗಿಲು ತೆರೆದ ನಂತರ

ಮಟ್ಟಾಂಚೇರಿಯ ಪರದೇಸಿ ಸಿನಗಾಗ್ ಶನಿವಾರ ಸಂದರ್ಶಕರಿಗೆ ತೆರೆದಿರುವುದಿಲ್ಲ. ಪ್ರಾರ್ಥನೆ ನಿಂತುಹೋದ ಮಂದಿರಗಳಲ್ಲಿಯೂ ವಾರದ ರಜೆಯನ್ನು ಸಬ್ಬತ್ತಿನ, ಎಂದರೆ ಯಹೂದಿಗಳ ವಿಶ್ರಾಂತಿಯ, ದಿನವಾದ ಶನಿವಾರಕ್ಕೇ ಇಡುವುದು ಉಚಿತ. ಅದರಿಂದ ಟಿಕೆಟ್ ಮಾರಾಟ ಕಡಿಮೆಯಾದರೂ ಚಿಂತೆಯಿಲ್ಲ. ಕೇರಳದ ಪದ್ಧತಿಯಂತೆ ಪಾದರಕ್ಷೆ ಹೊರಗೆ ಬಿಡುವ ವ್ಯವಸ್ಥೆಯೂ, ಪ್ರಾರ್ಥಿಸಲು ಬಂದವರಿಗೆ ತಲೆಗೆ ಹಾಕಿಕೊಳ್ಳಲು ಟೋಪಿಯೂ ಪ್ರವೇಶದಲ್ಲಿರಲಿ. ಇಸ್ರೇಲಿನಿಂದ ಮೊಮ್ಮಕ್ಕಳ ಜೊತೆ ಬರುವ ಹಿರಿಯರು ಅಲ್ಲಿ ನಿಂತು ಪ್ರಾರ್ಥನೆ ಹೇಳಲು ಬಯಸಿದರೆ ಅನುಮತಿ ಪತ್ರ ಕೇಳಬಾರದು, ಅವರಿಂದ ಶುಲ್ಕವನ್ನೂ ತೆಗೆದುಕೊಳ್ಳಬಾರದು.

ನಿರ್ವಹಣೆಗೆ ಊರಿನವರನ್ನೇ ನೇಮಿಸಿ ತರಬೇತಿ ಕೊಡಬೇಕು. ಮೇ ತಿಂಗಳ ಮಧ್ಯದೊಳಗೆ ಹೆಂಚು, ತೋಡು, ಚರಂಡಿಗಳನ್ನು ಪರಿಶೀಲಿಸುವುದು, ಮಳೆ ನಿಂತ ಮೇಲೆ ಗೆದ್ದಲಿನ ಮಣ್ಣುದಾರಿ ಹುಡುಕುವುದು, ಎರಡು ಮೂರು ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದು, ಬಿರುಕುಗಳ ಹಳೆಯ ದಾಖಲೆಯೊಂದಿಗೆ ಹೊಸದನ್ನು ಹೋಲಿಸುವುದು, ಇಷ್ಟನ್ನು ಒಂದೇ ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಬೇಕು. ಈ ಕೆಲಸಗಳಿಗೆ ತಗಲುವ ವಾರ್ಷಿಕ ವೆಚ್ಚವನ್ನು ದುರಸ್ತಿಯ ಅಂದಾಜುಪಟ್ಟಿ ಸಿದ್ಧಪಡಿಸುವಾಗಲೇ ಲೆಕ್ಕಹಾಕಿ, ಅದಕ್ಕೆ ಪ್ರತ್ಯೇಕ ಠೇವಣಿ ಇರಿಸದ ಹೊರತು ಉದ್ಘಾಟನೆಯ ದಿನಾಂಕವನ್ನು ನಿಗದಿಪಡಿಸಬಾರದು.